ಅಪ್‌ಡೇಟ್: ಬಸುರಿದ್ದಾಗ ತಗೊಂಡ ಮಾತ್ರೆ, ಮಗನ ಮಾತು

ಮೂರು ತಿಂಗಳ ಹಿಂದೆ ಕೇಳಿದ್ದೆ: ಬಸುರಿದ್ದಾಗ ಖಿನ್ನತೆಗೆ ಸರ್ಟ್ರಲಿನ್ ತಗೊಂಡಿದ್ದೆ, ಎರಡು ವರ್ಷವಾದರೂ ಮಗನಿಗೆ ಮಾತು ಬಂದಿಲ್ಲ, ಇದು ನನ್ನಿಂದಲೇ ಆಯ್ತಾ ಅಂತ.

ನಿಮ್ಮಲ್ಲೊಬ್ಬರು ಅಕ್ಕ ಹೇಳಿದಂತೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಕಿವಿ ಪರೀಕ್ಷೆ. ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತು, ಮಾತು ಸರಿಯಾಗಿ ಕೇಳಿಸ್ತಿರಲಿಲ್ಲ! ಪದೇಪದೇ ಬರ್ತಿದ್ದ ನೆಗಡಿಯನ್ನು ನಾವ್ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಚಿಕಿತ್ಸೆ, ಥೆರಪಿ ಎರಡೂ ನಡೀತಿದೆ. ಮೊನ್ನೆ ನಲ್ಲಿ ತೋರಿಸಿ "ನೀಯು" ಅಂದ.

ಮಾತ್ರೆ ಬಗ್ಗೆ ಮನೋವೈದ್ಯರನ್ನ ನೇರವಾಗಿ ಕೇಳಿದೆ. 2017ರಲ್ಲಿ ಸ್ವೀಡನ್, ಕೆನಡಾಗಳಲ್ಲಿ ಒಂದೇ ತಾಯಿಯ ಮಕ್ಕಳನ್ನ ಹೋಲಿಸಿ ನೋಡಿದ್ದಾರೆ: ಮಾತ್ರೆ ತಗೊಂಡ ಬಸುರಿನ ಮಗು, ತಗೊಳ್ಳದ ಬಸುರಿನ ಮಗು. ಆಟಿಸಂ (ಮಾತು, ಬೆರೆಯೋದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವಂತೆ. "ಮಾತ್ರೆ ನಿಲ್ಲಿಸಿದ್ದಿದ್ರೆ ಏನಾಗ್ತಿತ್ತು, ಅದನ್ನೂ ತಕ್ಕಡಿಗೆ ಹಾಕಮ್ಮ" ಅಂದ್ರು. ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ದ ದಿನಗಳು ನೆನಪಾದವು.

ಅಳುಕು ಪೂರ್ತಿ ಹೋಗಿಲ್ಲ. ಅತ್ತೆ "ಆ ಗುಳಿಗೆ..." ಅಂತ ಶುರು ಮಾಡಿದ್ರೆ ಈಗಲೂ ಎದೆ ಹಿಂಡಿದ ಹಾಗಾಗುತ್ತೆ. ಈ ಸಲ ನಮ್ಮ ಯಜಮಾನ್ರೇ "ಅಮ್ಮಾ, ಆ ಗುಳಿಗೆಯಿಂದಲೇ ಇವಳು ಉಳಿದಿದ್ದು" ಅಂದ್ರು. ಅತ್ತೆ ಮಾತಾಡಲಿಲ್ಲ, ಮಗನನ್ನ ಎತ್ಕೊಂಡು ಒಳಗೆ ಹೋದ್ರು.