ಎಂಬೆಡ್ ಮಾಡಿದ ಕನ್ನಡ ಫಾಂಟ್ ಕಂಪ್ಯೂಟರಿನಲ್ಲಿ ಸರಿ, ಇ-ರೀಡರಿನಲ್ಲಿ ಬರೀ ಡಬ್ಬಿ

ಪುಟಗಾರ (ಪ್ರಶ್ನೆ):
ಕನ್ನಡದ ಇಪಬ್ 3 (ಇ-ಪುಸ್ತಕದ ಫೈಲ್ ಮಾದರಿ) ಪುಸ್ತಕ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಿಂದ ಎಕ್ಸ್‌ಪೋರ್ಟ್ ಮಾಡಿದ್ದು. ನೋಟೋ ಸೆರಿಫ್ ಕನ್ನಡದ ರೆಗ್ಯುಲರ್ ಮತ್ತು ಬೋಲ್ಡ್ ಎರಡೂ ಒಳಗಿವೆ. ಎಕ್ಸ್‌ಪೋರ್ಟ್ ಆದ ಮೇಲೆ ಫೈಲನ್ನು ಅನ್‌ಜಿಪ್ ಮಾಡಿ, ಪುಸ್ತಕದ ವಿವರ ಮತ್ತು ಒಳಗಿನ ಫೈಲುಗಳ ಪಟ್ಟಿ ಇರುವ ಒಪಿಎಫ್ ಫೈಲಿನಲ್ಲಿದ್ದ ಉದ್ದನೆಯ ಐಡಿ ತೆಗೆದು ಐಎಸ್‌ಬಿಎನ್ ಹಾಕಿ ಮತ್ತೆ ಜಿಪ್ ಮಾಡಲಾಗಿದೆ. ಬೇರೇನೂ ಮುಟ್ಟಿಲ್ಲ.

ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ಫೋನಿನಲ್ಲಿ ಅಕ್ಷರ ಓದಬಹುದು, ಆದರೆ ಫೋನಿನದೇ ಫಾಂಟ್. ಇ-ಇಂಕ್ ರೀಡರಿನಲ್ಲಿ ಪುಟದ ತುಂಬ ಡಬ್ಬಿಗಳು. ಇಪಬ್ ಫೈಲನ್ನು ಪರೀಕ್ಷಿಸುವ ಇಪಬ್‌ಚೆಕ್ ಒಂದು ತಪ್ಪನ್ನೂ ತೋರಿಸುತ್ತಿಲ್ಲ. ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಫೈಲಿನಲ್ಲಿ) ಹುಡುಕಬೇಕೇ?

ಅಕ್ಷರಜೋಡಕ:
ಸಿಎಸ್‌ಎಸ್ ಆಮೇಲೆ ನೋಡೋಣ. ನೀವು ಬದಲಿಸಿದ ಆ ಐಡಿಯೇ ಕಾರಣ ಇರಬೇಕು.

ಇನ್‌ಡಿಸೈನ್ ಫಾಂಟನ್ನು ಹಾಗೆಯೇ ಒಳಗಿಡುವುದಿಲ್ಲ, ಅಬ್‌ಫಸ್ಕೇಟ್ ಮಾಡಿ, ಅಂದರೆ ನೇರವಾಗಿ ಬಳಸಲಾಗದಂತೆ ಕಲಸಿ, ಇಡುತ್ತದೆ. ಐಡಿಪಿಎಫ್ (ಇಪಬ್ ಮಾನಕ ರೂಪಿಸಿದ ಸಂಸ್ಥೆ) ವಿಧಾನದಲ್ಲಿ ಪುಸ್ತಕದ ಐಡಿಯಿಂದ 20 ಬೈಟಿನ ಕೀಲಿ ತಯಾರಾಗುತ್ತದೆ, ಅದರಿಂದ ಫಾಂಟ್ ಫೈಲಿನ ಮೊದಲ 1040 ಬೈಟ್ ಕಲಸಿಹೋಗುತ್ತದೆ. ಅಡೋಬಿ ವಿಧಾನದಲ್ಲಿ ಮೊದಲ 1024 ಬೈಟ್. ರೀಡರ್ ಪುಸ್ತಕ ತೆರೆಯುವಾಗ ಅದೇ ಐಡಿಯಿಂದ ಕೀಲಿ ಮಾಡಿಕೊಂಡು ಬಿಡಿಸುತ್ತದೆ. ಐಡಿ ಬದಲಾಯಿತೋ, ಕೀಲಿ ಹೊಂದುವುದಿಲ್ಲ, ಫಾಂಟ್ ತೆರೆಯುವುದೇ ಇಲ್ಲ.

ನಿಮ್ಮ ಮೂರು ಲಕ್ಷಣಗಳಿಗೂ ಇದೊಂದೇ ಕಾರಣ ಸಾಕು. ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇನ್‌ಸ್ಟಾಲ್ ಆಗಿದ್ದು, ಓದುವ ತಂತ್ರಾಂಶ ಅದನ್ನೇ ಎತ್ತಿಕೊಂಡಿರಬೇಕು, ಆದ್ದರಿಂದ ಸರಿ ಕಾಣುತ್ತದೆ. ಫೋನಿನಲ್ಲಿ ಬೇರೊಂದು ಕನ್ನಡ ಫಾಂಟ್ ಇದೆ. ರೀಡರಿನಲ್ಲಿ ಯಾವುದೂ ಇಲ್ಲ. ಇಪಬ್‌ಚೆಕ್ ಸುಮ್ಮನಿರುವುದಕ್ಕೂ ಅರ್ಥವಿದೆ: ಫಾಂಟ್ ಫೈಲ್ ಇದೆಯೇ, ಮ್ಯಾನಿಫೆಸ್ಟಿನಲ್ಲಿ (ಒಪಿಎಫ್‌ನ ಫೈಲುಗಳ ಪಟ್ಟಿಯಲ್ಲಿ) ನಮೂದಾಗಿದೆಯೇ ಎಂದು ನೋಡುತ್ತದೆಯೇ ಹೊರತು ಅಕ್ಷರ ಮೂಡುತ್ತದೆಯೇ ಎಂದಲ್ಲ.

ಖಚಿತ ಮಾಡಿಕೊಳ್ಳಲು ಅನ್‌ಜಿಪ್ ಮಾಡಿದ ಟಿಟಿಎಫ್ (ಫಾಂಟ್) ಫೈಲನ್ನು, ಬೈಟುಗಳನ್ನು ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ. ಮೊದಲ ನಾಲ್ಕು ಬೈಟ್ 00 01 00 00 ಇರಬೇಕು. ಬೇರೇನೋ ಇದ್ದು, ಮೆಟಾ-ಇನ್ಫ್ ಫೋಲ್ಡರಿನ ಎನ್‌ಕ್ರಿಪ್ಷನ್ ಎಕ್ಸ್‌ಎಂಎಲ್‌ನಲ್ಲಿ ಆ ಫಾಂಟಿನ ಹೆಸರಿದ್ದರೆ ಮುಗಿಯಿತು, ಅದೇ ರೋಗ.

ಸರಿಪಡಿಸಲು: ಕಲಸಿದ ಫೈಲಿನ ಜಾಗದಲ್ಲಿ ಅದೇ ಹೆಸರಿನಿಂದ ಮೂಲ ಫಾಂಟ್ ಹಾಕಿ, ಎನ್‌ಕ್ರಿಪ್ಷನ್ ಎಕ್ಸ್‌ಎಂಎಲ್‌ನಿಂದ ಅದರ ನಮೂದು ಅಳಿಸಿ. ಮೂಲ ಫಾಂಟ್ ಕೈಯಲ್ಲಿಲ್ಲದಿದ್ದರೆ ಹಳೆಯ ಐಡಿಯನ್ನೇ ಮರಳಿ ಹಾಕಿ, ಇಪಬ್ ತಿದ್ದುವ ತಂತ್ರಾಂಶ ಸಿಗಿಲ್‌ನಲ್ಲಿ ತೆರೆದು, ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ಅಬ್‌ಫಸ್ಕೇಶನ್ ಗುರುತು ತೆಗೆಯಿರಿ. ಐಡಿ ಬದಲಿಸುವ ಕೆಲಸ ಅದಾದ ಮೇಲೆ. ಮತ್ತೆ ಜಿಪ್ ಮಾಡುವಾಗ ಮೈಮ್‌ಟೈಪ್ ಫೈಲ್ (ಇದು ಇಪಬ್ ಎಂದು ಹೇಳುವ ಪುಟ್ಟ ಫೈಲ್) ಎಲ್ಲಕ್ಕಿಂತ ಮೊದಲು, ಕಂಪ್ರೆಸ್ ಆಗದೆ ಹೋಗಬೇಕು.

ಓರೆಗೆರೆ:
ಒಂದು ಎಚ್ಚರಿಕೆ. ನೋಟೋ ಫಾಂಟುಗಳು ಒಎಫ್‌ಎಲ್ ಎಂಬ ಮುಕ್ತ ಪರವಾನಗಿಯವು, ತೆರೆದಿಟ್ಟರೆ ತೊಂದರೆಯಿಲ್ಲ. ದುಡ್ಡು ಕೊಟ್ಟು ತಂದ ಫಾಂಟಾದರೆ ಅಬ್‌ಫಸ್ಕೇಶನ್ ಕಡ್ಡಾಯ ಎಂಬ ಷರತ್ತು ಇರಬಹುದು, ಓದಿಕೊಂಡು ಕೈ ಹಾಕಿ.

ಮತ್ತೆ, ಸಿಎಸ್‌ಎಸ್‌ನಲ್ಲಿ ಫಾಂಟ್ ಫೈಲನ್ನು ಪರಿಚಯಿಸುವ ಫಾಂಟ್-ಫೇಸ್ ನಿಯಮದಲ್ಲಿ ಫ್ಯಾಮಿಲಿಗೆ ಫಾಂಟಿನ ನಿಜ ಹೆಸರು ಕೊಡಬೇಡಿ. ನಿಮ್ಮದೇ ಹೆಸರು ಕೊಡಿ, "ಒಡಲು1" ಅಂತಲೋ ಏನೋ, ಬಳಸುವ ಕಡೆಯೂ ಅದನ್ನೇ ಬರೆಯಿರಿ. ಆಗ ಕಂಪ್ಯೂಟರಿನಲ್ಲಿರುವ ಫಾಂಟ್ ನಡುವೆ ಬಂದು ನಿಮ್ಮ ಕಣ್ಣಿಗೆ ಮಣ್ಣೆರಚುವುದಿಲ್ಲ. ಫೈಲಿನ ದಾರಿಯನ್ನು ಸಿಎಸ್‌ಎಸ್ ಇರುವ ಫೋಲ್ಡರಿನಿಂದ ಎಣಿಸಬೇಕು, ಒಪಿಎಫ್‌ನಿಂದ ಅಲ್ಲ. ದೊಡ್ಡಕ್ಷರ, ಚಿಕ್ಕಕ್ಷರ ಹೆಚ್ಚುಕಮ್ಮಿಯಾದರೂ ಫಾಂಟ್ ಸಿಗುವುದಿಲ್ಲ.

ಪುಟಗಾರ:
ಮೊದಲ ನಾಲ್ಕು ಬೈಟ್ ಬೇರೆಯೇ ಇದ್ದವು. ಮೂಲ ಫಾಂಟ್ ಹಾಕಿ ನಮೂದು ಅಳಿಸಿದ ಮೇಲೆ ಡಬ್ಬಿಗಳು ಹೋದವು, ಧನ್ಯವಾದ. ಆದರೆ ಗಾತ್ರ ತಗ್ಗಿಸಲೆಂದು ಸಬ್‌ಸೆಟ್ ಮಾಡಿದ (ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿದ) ಫಾಂಟ್ ಹಾಕಿದರೆ "ರಾಷ್ಟ್ರ", "ಸ್ತ್ರೀ" ಒಡೆಯುತ್ತಿವೆ. ಒತ್ತುಗಳು ಕೆಳಗೆ ಕೂರದೆ ಪಕ್ಕದಲ್ಲಿ ಹಲಂತದೊಡನೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಅಕ್ಷರಜೋಡಕ:
ಸಬ್‌ಸೆಟ್ ಮಾಡಿದ ಸಾಧನ ಫಾಂಟಿನೊಳಗಿನ ಜಿಸಬ್ ಟೇಬಲನ್ನು ಕಿತ್ತುಹಾಕಿದೆ. ಒತ್ತು, ಅರ್ಕಾವತ್ತುಗಳಿಗೆ ಪ್ರತ್ಯೇಕ ಯುನಿಕೋಡ್ ಸಂಖ್ಯೆ ಇಲ್ಲ. ವ್ಯಂಜನ, ಹಲಂತ, ವ್ಯಂಜನ ಸೇರಿದಾಗ ಯಾವ ಆಕಾರ ಬರಬೇಕು ಎಂಬುದು ಆ ಟೇಬಲಿನಲ್ಲಿದೆ. ಬರೀ ಯುನಿಕೋಡ್ ಅಕ್ಷರಗಳ ಪಟ್ಟಿ ನೋಡಿ ಕತ್ತರಿಸುವ ಸಾಧನಕ್ಕೆ ಒತ್ತಿನ ಗ್ಲಿಫ್‌ಗಳು (ಆಕಾರಗಳು) ಬೇಡದ ಸಾಮಾನಿನಂತೆ ಕಾಣುತ್ತವೆ.

ಫಾಂಟ್ ತಿದ್ದುವ ಸಾಧನಗಳಾದ ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸಿ. ಲೇಔಟ್-ಫೀಚರ್ಸ್ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲ ಫೀಚರ್ (ಅಕ್ಷರ ಜೋಡಿಸುವ ನಿಯಮಗಳು) ಉಳಿಯುತ್ತವೆ. ಕನ್ನಡದ ಯುನಿಕೋಡ್ ಬ್ಲಾಕ್ ಪೂರ್ತಿ ಇಡಿ. ಜೊತೆಗೆ ಜೀರೋ ವಿಡ್ತ್ ಜಾಯ್ನರ್, ನಾನ್ ಜಾಯ್ನರ್ (ಕಣ್ಣಿಗೆ ಕಾಣದೆ ಅಕ್ಷರ ಕೂಡಿಸುವ, ಬಿಡಿಸುವ ಚಿಹ್ನೆಗಳು) ಎರಡೂ, ಉದ್ಧರಣ ಚಿಹ್ನೆಗಳು, ಉದ್ದ ಗೆರೆ. ಪದ್ಯಗಳಿದ್ದರೆ ದಂಡವನ್ನು ಮರೆಯಬೇಡಿ, ಅದು ದೇವನಾಗರಿ ಬ್ಲಾಕಿನಲ್ಲಿದೆ. ನಿಜ ಹೇಳಬೇಕೆಂದರೆ, ಎರಡೇ ಫಾಂಟ್ ಇರುವ ಪುಸ್ತಕಕ್ಕೆ ಸಬ್‌ಸೆಟ್‌ನಿಂದ ಸಿಗುವ ಉಳಿತಾಯ ಈ ಪಾಡಿಗೆ ತಕ್ಕದ್ದಲ್ಲ.

ಪೂರ್ತಿ ಫಾಂಟ್ ಹಾಕಿದ ಮೇಲೂ ಒತ್ತು ಒಡೆದರೆ ಅದು ರೀಡರಿನ ಅಕ್ಷರ ಜೋಡಿಸುವ ಎಂಜಿನ್ನಿನ ಮಿತಿ, ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಕೋಬೋ ರೀಡರಿನಲ್ಲಿ ಇಪಬ್ ಮತ್ತು ಅದರದೇ ಮಾದರಿಯಾದ ಕೆಪಬ್ ಬೇರೆ ಬೇರೆ ಎಂಜಿನ್‌ಗಳಲ್ಲಿ ತೆರೆಯುತ್ತವೆ, ಎರಡರಲ್ಲೂ ನೋಡಬೇಕು.

ಮೂರುಕಾಲಂ:
ಇದೇ ತೊಂದರೆ ಹುಡುಕಿಕೊಂಡು ಬರುವವರಿಗೆ: ಡಬ್ಬಿಯ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಮೇಲಿನ ಯಾವುದೂ ಅನ್ವಯಿಸದು. ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ ಪಠ್ಯ. ಆ ಫಾಂಟನ್ನು ಎಂಬೆಡ್ ಮಾಡಿ ಮರೆಮಾಚಬೇಡಿ. ಓದುಗರು ಫಾಂಟ್ ಬದಲಿಸಿದ ಕೂಡಲೇ ಮತ್ತೆ ಕೆಡುತ್ತದೆ, ಪುಸ್ತಕದಲ್ಲಿ ಪದ ಹುಡುಕಲೂ ಆಗುವುದಿಲ್ಲ. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ.

ಓರೆಗೆರೆ:
ಎಲ್ಲ ಸರಿಯಿದ್ದೂ ರೀಡರ್ ತನ್ನ ಫಾಂಟನ್ನೇ ತೋರಿಸಿದರೆ ಅಕ್ಷರದ ಮೆನುವಿನಲ್ಲಿ "ಪಬ್ಲಿಷರ್" ಅಥವಾ "ಒರಿಜಿನಲ್" ಆಯ್ಕೆ ಮಾಡಿ. ಆಪಲ್ ಬುಕ್ಸ್‌ಗಾದರೆ ಒಪಿಎಫ್‌ನಲ್ಲಿ ಐಬುಕ್ಸ್ ಪ್ರಿಫಿಕ್ಸ್ ಘೋಷಿಸಿ, ಸ್ಪೆಸಿಫೈಡ್-ಫಾಂಟ್ಸ್ ಮೆಟಾಗೆ "ಟ್ರೂ" ಕೊಡಬೇಕು.