ಭೂಮಿ ತಿರುಗುತ್ತದೋ, ಸುತ್ತುತ್ತದೋ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಭೂಮಿ ಯಾಕೆ ತಿರುಗುತ್ತದೆ, ಸೂರ್ಯನನ್ನು ಯಾಕೆ ಸುತ್ತುತ್ತದೆ ಅನ್ನುವುದು ವಿಷಯ. ವಿಜ್ಞಾನಕ್ಕಿಂತ ಜಾಸ್ತಿ ತಲೆ ತಿಂದದ್ದು ಕ್ರಿಯಾಪದಗಳು. ‘ಭೂಮಿ ಒಂದು ಸುತ್ತು ಬರಲು 24 ಗಂಟೆ ಬೇಕು’ ಅಂತ ಮೊದಲ ಪುಟದಲ್ಲಿತ್ತು. ‘ಭೂಮಿ ಒಂದು ಸುತ್ತು ಬರಲು ಸುಮಾರು 365 ದಿನ ಬೇಕು’ ಅಂತ ಮೂರನೆಯ ಪುಟದಲ್ಲಿತ್ತು. ಎರಡೂ ಒಳ್ಳೆಯ ಕನ್ನಡವೇ. ಓದಿದ ಹುಡುಗಿ ‘ಇದರಲ್ಲಿ ಯಾವುದು ನಿಜ?’ ಅಂದಳು.

ಹಾಗಾಗಿ ಈ ಪ್ರಶ್ನೆ. ಬುಗುರಿಯ ಹಾಗೆ ನಿಂತಲ್ಲೇ ತಿರುಗುವುದಕ್ಕೂ, ಇನ್ನೊಂದರ ಸುತ್ತ ಹೋಗಿ ಬರುವುದಕ್ಕೂ ನೀವು ಯಾವ ಯಾವ ಪದ ಬಳಸುತ್ತೀರಿ?

‘ದೈನಂದಿನ ಚಲನೆ’, ‘ವಾರ್ಷಿಕ ಚಲನೆ’ ಅನ್ನುವ ಜೋಡಿ ಇದೆ. ಭೂಮಿಗೇನೋ ಸರಿ. ಶುಕ್ರ ಗ್ರಹಕ್ಕೆ ಹೊಂದುವುದೇ ಇಲ್ಲ. ಅದು ಒಮ್ಮೆ ತಿರುಗಲು ನಮ್ಮ ಲೆಕ್ಕದಲ್ಲಿ 243 ದಿನ, ಸೂರ್ಯನನ್ನು ಸುತ್ತಲು 225 ದಿನ. ‘ದೈನಂದಿನ’ವೇ ‘ವಾರ್ಷಿಕ’ಕ್ಕಿಂತ ಉದ್ದ! ಇನ್ನು ‘ಭ್ರಮಣೆ’, ‘ಪರಿಭ್ರಮಣೆ’. ನಡುವೆ ಇರುವುದು ‘ಪರಿ’ ಒಂದೇ, ಅದೂ ಕೆಲವರ ಕೈಯಲ್ಲಿ ಜಾಗ ಬದಲಿಸುತ್ತದೆ. ತನ್ನಷ್ಟಕ್ಕೆ ತಿರುಗುವುದಕ್ಕೂ ‘ಅಕ್ಷೀಯ ಪರಿಭ್ರಮಣ’ ಅಂತ ಬರೆದದ್ದನ್ನು ನೋಡಿದ್ದೇನೆ.

‘ಗಿರಕಿ’ ನನಗೆ ಇಷ್ಟವಾದ ಪದ. ಆದರೆ ‘ಅವನ ಸುತ್ತಲೇ ಗಿರಕಿ ಹೊಡೆಯುತ್ತಾನೆ’ ಅಂದರೆ ಅದು ಎರಡನೆಯ ಅರ್ಥಕ್ಕೆ ಹೋಯಿತು, ಅಲ್ವಾ?

‘ಸೂರ್ಯನಿಗೆ ಪ್ರದಕ್ಷಿಣೆ ಹಾಕುತ್ತದೆ’ ಅಂತಲೂ ಬರೆದು ನೋಡಿದೆ. ಕೇಳಲು ಚೆನ್ನಾಗಿದೆ. ಆದರೆ ಆ ಪದದೊಳಗೇ ಒಂದು ದಿಕ್ಕು ಇದೆ. ನಡುವಿನದ್ದು ಸುತ್ತುವವರ ಬಲಗಡೆ ಇರಬೇಕು. ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಭೂಮಿ ಸುತ್ತುವುದು ಗಡಿಯಾರದ ಮುಳ್ಳಿಗೆ ಎದುರಾಗಿ. ಸೂರ್ಯ ಇರುವುದು ಎಡಗಡೆ. ಪದದ ಪ್ರಕಾರ ಅದು ಅಪ್ರದಕ್ಷಿಣೆ! ಆ ಸಾಲನ್ನು ಹೊಡೆದು ಹಾಕಿದೆ.

ನನಗನಿಸುವುದು, ‘ತಿರುಗು’ ಮತ್ತು ‘ಸುತ್ತು’ ಇವೆರಡೇ ಸಾಕು, ಆದರೆ ಬೆರಸಬಾರದು. ‘ಸುತ್ತು’ ಅಂದ ಕೂಡಲೇ ‘ಏನನ್ನು?’ ಅಂತ ಕೇಳಬಹುದು. ‘ತಿರುಗು’ಗೆ ಆ ಪ್ರಶ್ನೆ ಬೇಕಿಲ್ಲ. (‘ಊರು ತಿರುಗಿ ಬಂದ’ ಅನ್ನುತ್ತೇವಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ನಾನು ಹೇಳುತ್ತಿರುವುದು ವಿಜ್ಞಾನ ಬರಹದ ಮಟ್ಟಿಗೆ.) ಖುಷಿಯ ಸಂಗತಿ ಅಂದರೆ, ಈ ವ್ಯಾಕರಣ ಕಾರಣಕ್ಕೂ ಹೊಂದುತ್ತದೆ. ಭೂಮಿ ಸೂರ್ಯನನ್ನು ಸುತ್ತಬೇಕಾದರೆ ಸೂರ್ಯ ಬೇಕು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಓಡುತ್ತಿದೆ, ಸೂರ್ಯ ತನ್ನ ಕಡೆಗೆ ಎಳೆಯುತ್ತಿದ್ದಾನೆ. ಎರಡೂ ಸೇರಿ ದಾರಿ ಬಾಗುತ್ತದೆ. ಎಳೆತ ನಿಂತರೆ ಸುತ್ತುವುದೂ ನಿಂತು, ಭೂಮಿ ನೇರವಾಗಿ ಹೊರಟುಹೋಗುತ್ತದೆ.

ತಿರುಗುವುದಕ್ಕೆ ಹಾಗೆ ಯಾರೂ ಬೇಕಿಲ್ಲ. ಸುಮಾರು 450 ಕೋಟಿ ವರ್ಷಗಳ ಹಿಂದೆ ಅನಿಲ ಮತ್ತು ದೂಳಿನ ಮೋಡ ಕುಗ್ಗಿ ಸೂರ್ಯನೂ ಗ್ರಹಗಳೂ ಆದವು. ಆ ಮೋಡಕ್ಕೆ ಮೊದಲೇ ಒಂದಿಷ್ಟು ತಿರುಗಾಟ ಇತ್ತು. ತಿರುಗುವ ಕುರ್ಚಿಯಲ್ಲಿ ಕೈ ಚಾಚಿ ಕೂತವರು ಕೈ ಮಡಚಿದರೆ ವೇಗ ಹೆಚ್ಚುತ್ತದಲ್ಲ, ಹಾಗೆ ಕುಗ್ಗಿದಷ್ಟೂ ಅದು ಜೋರಾಯಿತು. ಆಮೇಲೆ ತಡೆಯಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಚಂದ್ರನಿಂದ ಏಳುವ ಉಬ್ಬರವಿಳಿತ ಮಾತ್ರ ಸಣ್ಣಗೆ ಬ್ರೇಕ್ ಹಾಕುತ್ತಿದೆ. ಅದರಿಂದ ದಿನ 100 ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡು ಉದ್ದವಾಗುತ್ತದೆ, ಅಷ್ಟೇ. ಹಾಗಾಗಿ ‘ಭೂಮಿಯನ್ನು ಯಾವುದು ತಿರುಗಿಸುತ್ತದೆ?’ ಅನ್ನುವ ಪ್ರಶ್ನೆಯನ್ನು ನಾನು ಬರಹದಿಂದಲೇ ತೆಗೆದೆ. ಆ ‘ಇಸು’ ಸೇರಿದ ಕೂಡಲೇ ಸುಮ್ನೆ ಒಬ್ಬ ತಿರುಗಿಸುವವನು ಹುಟ್ಟಿಕೊಳ್ಳುತ್ತಾನೆ.

ಎರಡೂ ಪದ ಒಟ್ಟಿಗೆ ಬೇಕಾಗುವ ಜಾಗದಲ್ಲಿ ಪರೀಕ್ಷೆ ಮಾಡಿದೆ. ಭೂಮಿ ಒಮ್ಮೆ ಪೂರ್ತಿ ತಿರುಗಲು ನಿಜಕ್ಕೂ ಬೇಕಾಗುವುದು 23 ಗಂಟೆ 56 ನಿಮಿಷ. ಅಷ್ಟರಲ್ಲಿ ಸೂರ್ಯನನ್ನು ಸುತ್ತುತ್ತಾ ಸ್ವಲ್ಪ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ನೆತ್ತಿಯ ನೇರಕ್ಕೆ ಬರಲು ಇನ್ನೂ 4 ನಿಮಿಷ ತಿರುಗಬೇಕು. ಹೀಗೆ ನಮ್ಮ 24 ಗಂಟೆ. ಇಲ್ಲಿ ಎಲ್ಲ ಕಡೆ ‘ಸುತ್ತು’ ಹಾಕಿ ಓದಿ ನೋಡಿ, ತಲೆಯೇ ಸುತ್ತುತ್ತದೆ.

ಚಂದ್ರನ ಹತ್ತಿರ ಮಾತ್ರ ಸಿಕ್ಕಿಕೊಂಡಿದ್ದೇನೆ. ಅವನು ಒಮ್ಮೆ ತಿರುಗಲು 27.3 ದಿನ, ಭೂಮಿಯನ್ನು ಒಮ್ಮೆ ಸುತ್ತಲೂ ಅಷ್ಟೇ ದಿನ. ಅದಕ್ಕೇ ನಮಗೆ ಯಾವಾಗಲೂ ಒಂದೇ ಮುಖ ಕಾಣುವುದು. ‘ಭೂಮಿಯ ಕಡೆಗೇ ಮುಖ ತಿರುಗಿಸಿಕೊಂಡಿರುತ್ತಾನೆ’ ಅಂತ ಬರೆದೆ. ‘ಮುಖ ತಿರುಗಿಸು’ ಅಂದರೆ ಮುನಿಸು ತಾನೇ? ಜೊತೆಗೆ ಮತ್ತೆ ಆ ‘ಇಸು’ ಬೇರೆ. ಈ ವಾಕ್ಯಕ್ಕೆ ಬೇರೆ ಕ್ರಿಯಾಪದ ಹೊಳೆದರೆ ದಯವಿಟ್ಟು ತಿಳಿಸಿ.