ಟ್ಯಾಪೆಟ್ ಪಂಚಾಯಿತಿ

ಹಳೇ ಕಾರಿನ ಬಾನೆಟ್ ಎತ್ತಿದರೆ ಸಾಕು, ಸುತ್ತ ನಿಂತವರೆಲ್ಲ ಇಂಜಿನಿಯರ್ ಆಗಿಬಿಡುತ್ತಾರೆ. ಹೊಸ ಕಾರಿಗೆ ಈ ಭಾಗ್ಯ ಇಲ್ಲ. ಅದರ ಬಾನೆಟ್ ಎತ್ತಿದರೆ ಕಾಣೋದು ಒಂದು ಕರೀ ಪ್ಲಾಸ್ಟಿಕ್ ಮುಚ್ಚಳ, ಅದನ್ನು ನೋಡಿಕೊಂಡು ಯಾರು ಏನು ಸಲಹೆ ಕೊಟ್ಟಾರು? ನಮ್ಮ ಸೀನನದು ಮೋರಿಸ್ ಮೈನರ್. ಅದರೊಳಗಿನ ಎ-ಸೀರೀಸ್ ಇಂಜಿನ್ ವಂಶ 1951ರಲ್ಲಿ ಶುರುವಾಗಿ, ಮಿನಿ ಕಾರಿನ ಹೊಟ್ಟೆಯಲ್ಲಿ 2000ದ ತನಕ ಬದುಕಿತ್ತು. ಹಾಗಾಗಿ ಅದರ ಬಗ್ಗೆ ಸಲಹೆ ಕೊಡೋರಿಗೆ ಬರಗಾಲ ಇಲ್ಲ.

"ಟಕಟಕ ಅಂತಿದೆ ಕಣ್ರೋ" ಅಂದ ಸೀನ, ಮಗುವಿಗೆ ಜ್ವರ ಬಂದವನ ಮುಖ ಮಾಡಿಕೊಂಡು.

"ದಪ್ಪ ಆಯಿಲ್ ಹಾಕು" ಅಂದ ಗುಂಡ. ಗುಂಡನ ಹತ್ತಿರ ಇರೋದು ಒಂದೇ ಔಷಧಿ. ಹೊಗೆ ಬಂದರೂ ದಪ್ಪ ಆಯಿಲ್, ಗೇರ್ ಬೀಳದಿದ್ದರೂ ದಪ್ಪ ಆಯಿಲ್. ಒಮ್ಮೆ ಹಾರ್ನ್ ಕೆಟ್ಟಾಗಲೂ ಅದನ್ನೇ ಹೇಳಿದ್ದ.

"ಅದಕ್ಕಿಂತ ರೇಡಿಯೋ ಜೋರಾಗಿ ಹಾಕೋದು ಸುಲಭ" ಅಂದ ಭಟ್ಟ.

ಮೇಷ್ಟ್ರು ಮಾತ್ರ ಕಿವಿಗೆ ಉದ್ದನೆ ಸ್ಕ್ರೂಡ್ರೈವರಿನ ಹಿಡಿ ಒತ್ತಿಕೊಂಡು, ಅದರ ತುದಿಯನ್ನು ಇಂಜಿನ್ ನೆತ್ತಿಯ ಮುಚ್ಚಳ, ಅಂದರೆ ರಾಕರ್ ಕವರ್ ಮೇಲೆ ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಟ್ಯಾಪೆಟ್ಟು. ವಾಲ್ವ್, ಅಂದ್ರೆ ಸಿಲಿಂಡರಿನ ಬಾಗಿಲು, ಅದಕ್ಕೂ ಅದನ್ನ ಒತ್ತೋ ಭಾಗಕ್ಕೂ ಮಧ್ಯದ ಗ್ಯಾಪ್ ಜಾಸ್ತಿ ಆಗಿದೆ. ಇವತ್ತು ಏನೂ ಮಾಡೋಕಾಗಲ್ಲ, ಇಂಜಿನ್ ಬಿಸಿ ಇದೆ. ಇದರದು ತಣ್ಣಗಿರುವಾಗಿನ ಅಳತೆ."

"ತಣ್ಣೀರು ಸುರಿಯೋಣ್ವಾ?" ಅಂದ ಗುಂಡ. ಇಂಜಿನ್ನಿನ ಮೇಲ್ಭಾಗದ ಹೆಡ್ ಸೀಳಿದರೆ ಅದಕ್ಕೂ ದಪ್ಪ ಆಯಿಲ್ ಹಾಕ್ತೀಯಾ ಅಂತ ಮೇಷ್ಟ್ರು ಕೇಳಿದ ಮೇಲೆ ಸುಮ್ಮನಾದ. ಇಂಜಿನ್ ತಣಿಯೋ ತನಕ ಬೇರೇನು ಕೆಲಸ? ಕೂತು ಹರಟೆ ಹೊಡೆದೆವು.

"ಮೇಷ್ಟ್ರೇ, ಅಲ್ಲಿ ಗ್ಯಾಪ್ ಯಾಕಿರಬೇಕು ಹೇಳಿ. ಗ್ಯಾಪ್ ಇರೋದಕ್ಕೇ ತಾನೆ ಬಡಿಯೋದು? ಪೂರ್ತಿ ಬಿಗಿ ಮಾಡಿಬಿಟ್ಟರೆ ಸದ್ದೂ ಇಲ್ಲ, ತಂಟೆಯೂ ಇಲ್ಲ." ಸೀನನ ಈ ಪ್ರಶ್ನೆ ಪೆದ್ದು ಪ್ರಶ್ನೆ ಅನ್ನೋ ಹಾಗಿಲ್ಲ. ಹಳೇ ಕಾರು ಇಟ್ಟುಕೊಂಡ ಅರ್ಧ ಜನ ಮನಸ್ಸಿನಲ್ಲಿ ಇದನ್ನೇ ಕೇಳಿಕೊಳ್ಳುತ್ತಾರೆ, ಬಾಯಿಬಿಟ್ಟು ಕೇಳಲ್ಲ ಅಷ್ಟೆ.

ಮೇಷ್ಟ್ರು ಎರಡೂ ಕೈ ಎತ್ತಿ ಇಂಜಿನ್ ಆದರು. ಎಡಗೈ ಪುಷ್ ರಾಡ್, ಬಲಗೈ ವಾಲ್ವ್, ಭುಜ ರಾಕರ್. "ಕೆಳಗೆ ಕ್ಯಾಮ್ ಅಂತ ಒಂದು ಕಡೆ ಉಬ್ಬಿರೋ ಗಾಲಿ ತಿರುಗುತ್ತೆ, ಅದರ ಉಬ್ಬು ಪುಷ್ ರಾಡನ್ನ ಮೇಲೆ ತಳ್ಳುತ್ತೆ, ರಾಕರ್ ಈ ಕಡೆ ಬಾಗಿ ವಾಲ್ವ್ ತಲೆ ಒತ್ತುತ್ತೆ, ವಾಲ್ವ್ ತೆರೆಯುತ್ತೆ. ಆಮೇಲೆ ಸ್ಪ್ರಿಂಗು ಅದನ್ನ ವಾಪಸ್ ಎಳೆದು ಮುಚ್ಚುತ್ತೆ. ಮುಚ್ಚಿದಾಗ ರಾಕರಿಗೂ ವಾಲ್ವಿಗೂ ಮಧ್ಯ 0.30 ಮಿಲಿಮೀಟರ್ ಜಾಗ ಇರಬೇಕು. ಪ್ರಿಂಟರಿಗೆ ಹಾಕೋ ಹಾಳೆ ಮೂರು ಸೇರಿಸಿ ಹಿಡಿದಷ್ಟು."

"ಮೂರು ಹಾಳೆಗೆ ಇಷ್ಟು ರಾದ್ಧಾಂತವಾ?" ಅಂದ ಭಟ್ಟ.

"ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತೆ ಮಾರಾಯ. ಎಕ್ಸಾಸ್ಟ್ ವಾಲ್ವಿನ ಪಾಡು ಕೇಳಲೇಬೇಡ, ಉರಿಯೋ ಗಾಳಿಯೆಲ್ಲ ಅದರ ಮೈ ಸವರಿಕೊಂಡೇ ಹೊರಗೆ ಹೋಗೋದು. ಅದು ಮೈ ತಣಿಸಿಕೊಳ್ಳೋದು ಮುಖ್ಯವಾಗಿ ಮುಚ್ಚಿಕೊಂಡು ಸೀಟಿನ, ಅಂದ್ರೆ ಹೆಡ್ಡಿನ ಬಾಯಂಚಿನ ಮೇಲೆ ಕೂತಾಗ, ಅದೂ ಆ ಒಂದು ಚೂರು ಹೊತ್ತು. ಗ್ಯಾಪೇ ಇಲ್ಲದೆ ಬಿಗಿ ಮಾಡಿದರೆ ಅದು ಪೂರ್ತಿ ಕೂರಲ್ಲ. ಬಿಸಿ ಇಳಿಯಲ್ಲ, ಸಂದಿಯಲ್ಲಿ ಬೆಂಕಿ ನುಗ್ಗುತ್ತೆ, ಅಂಚು ಇಲಿ ಕಚ್ಚಿದ ಹಾಗೆ ಸುಟ್ಟುಹೋಗುತ್ತೆ. ಆಮೇಲೆ ಕಂಪ್ರೆಷನ್ನೂ ಇಲ್ಲ, ಏನೂ ಇಲ್ಲ, ಹೆಡ್ ಬಿಚ್ಚಿ ಕೂತ್ಕೋ."

ಸೀನ ಕಾರಿನ ಕಡೆ ನೋಡಿದ ನೋಟವೇ ಬೇರೆ ಆಯಿತು.

ಇದರಲ್ಲಿ ಕಿಲಾಡಿ ವಿಷಯ ಇನ್ನೊಂದಿದೆ, ಮೇಷ್ಟ್ರು ಹೇಳೋ ತನಕ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗ್ಯಾಪ್ ಹೆಚ್ಚಾಗೋದು ಮಾತ್ರ ಅಲ್ಲ, ತಾನಾಗಿ ಕಡಿಮೆಯೂ ಆಗುತ್ತೆ. ಹಿಂದೆ ಪೆಟ್ರೋಲಿನಲ್ಲಿ ಸೀಸ ಇತ್ತು, ಅದು ವಾಲ್ವ್ ಸೀಟಿನ ಮೇಲೆ ತೆಳ್ಳಗೆ ಕೂತು ಸವೆತ ತಡೆಯುತ್ತಿತ್ತು. ಸೀಸ ತೆಗೆದರು, ಒಳ್ಳೇದೇ ಮಾಡಿದರು, ಅದು ವಿಷ. ಆದರೆ ಆ ಕಾಲದ ಮೆತ್ತಗಿನ ಎರಕದ ಕಬ್ಬಿಣದ ಸೀಟುಗಳನ್ನು ಈಗಿನ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸೀಟನ್ನು ತಿಂದುಕೊಂಡು ನಿಧಾನಕ್ಕೆ ಹೆಡ್ಡಿನೊಳಗೆ ಹೂತುಕೊಳ್ಳುತ್ತೆ. ಆ ಕಡೆ ಹೂತುಕೊಂಡಷ್ಟೂ ಈ ಕಡೆ ಅದರ ತಲೆ ಮೇಲೇಳುತ್ತೆ, ಗ್ಯಾಪ್ ಮುಚ್ಚಿಕೊಳ್ಳುತ್ತೆ. ಗಟ್ಟಿ ಸೀಟು ಕೂರಿಸಿದ ಹೆಡ್ ಆದರೆ ಈ ತಲೆನೋವಿಲ್ಲ.

"ಅಂದ್ರೆ ಕಾರು ತಾನಾಗಿ ಸೈಲೆಂಟ್ ಆಗುತ್ತಾ?"

"ಆಗುತ್ತೆ. ಓನರಿಗೆ ಖುಷಿ. ನನ್ನ ಕಾರು ವಯಸ್ಸಾದ ಹಾಗೆಲ್ಲ ಸಾಧು ಆಗ್ತಿದೆ ಅಂತ ಊರೆಲ್ಲ ಹೇಳಿಕೊಂಡು ಬರ್ತಾನೆ. ಒಳಗೆ ವಾಲ್ವ್ ಸುಡ್ತಿರುತ್ತೆ."

ಭಟ್ಟ ಮೆಲ್ಲಗೆ ಎದ್ದು ತನ್ನ ಕಾರಿನ ಹತ್ತಿರ ಹೋಗಿ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಬಂದ. "ನಂದು ಸೈಲೆಂಟಾಗಿದೆ" ಅಂದ, ಧ್ವನಿ ಸ್ವಲ್ಪ ನಡುಗುತ್ತಿತ್ತು. ಅವನದು ಹೈಡ್ರಾಲಿಕ್ ಟ್ಯಾಪೆಟ್, ಇಂಜಿನ್ ಆಯಿಲಿನ ಒತ್ತಡವೇ ಗ್ಯಾಪ್ ತುಂಬಿಕೊಳ್ಳುತ್ತೆ, ನಿನಗೆ ಈ ಯೋಗ ಇಲ್ಲ ಕೂತ್ಕೊಳೋ ಅಂತ ಮೇಷ್ಟ್ರು ಸಮಾಧಾನ ಮಾಡಬೇಕಾಯಿತು.

ಮಾರನೇ ದಿನ ಬೆಳಿಗ್ಗೆ ಇಂಜಿನ್ ಮೈ ತಣ್ಣಗಿತ್ತು. ಕವರ್ ತೆಗೆದೆವು. ಎರಡೇ ನಟ್ಟು, ಬಿಚ್ಚೋದು ಸಲೀಸು. ಒಳಗೆ ಎಂಟು ರಾಕರುಗಳು ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂತಿದ್ದವು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಗೇರಿಗೆ ಹಾಕಿ, ಕಾರನ್ನು ಇಷ್ಟಿಷ್ಟೇ ತಳ್ಳಿ ಇಂಜಿನ್ ತಿರುಗಿಸೋ ಕೆಲಸ ಗುಂಡನಿಗೆ ಬಂತು.

ಯಾವ ವಾಲ್ವನ್ನು ಯಾವಾಗ ಮುಟ್ಟಬೇಕು ಅನ್ನೋದಕ್ಕೆ ಒಂಬತ್ತರ ಲೆಕ್ಕ ಅಂತ ಇದೆ, ನನಗೆ ಇಡೀ ಕೆಲಸದಲ್ಲಿ ಇಷ್ಟವಾಗಿದ್ದು ಇದೇ. ಎಂಟನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿಕೊಂಡು ತೆರೆದಿದ್ದರೆ ಒಂದನೆಯದನ್ನು ಸೆಟ್ ಮಾಡು. ಮೂರನೆಯದು ತೆರೆದಿದ್ದರೆ ಆರು. ಐದು ತೆರೆದಿದ್ದರೆ ನಾಲ್ಕು. ಎರಡೂ ಸೇರಿ ಒಂಬತ್ತು ಆಗಬೇಕು ಅಷ್ಟೆ. ಒಂದು ವಾಲ್ವ್ ತುತ್ತತುದಿಗೆ ತೆರೆದಾಗ ಅದರ ಜೋಡಿಗೆ ಕ್ಯಾಮಿನ ಬೆನ್ನು ತಿರುಗಿರುತ್ತೆ, ಅಂದರೆ ಗ್ಯಾಪ್ ಅಳೆಯೋಕೆ ಸರಿಯಾದ ಹೊತ್ತು. ಎಲ್ಲ ಇಂಜಿನ್ನಿಗೂ ಈ ಲೆಕ್ಕ ಹೊಂದಲ್ಲ, ಸಾಲಾಗಿ ಎಂಟು ವಾಲ್ವ್ ಇರೋ ಇಂತಹ ನಾಲ್ಕು ಸಿಲಿಂಡರಿಗೆ ಹೊಂದುತ್ತೆ.

"ಮೂರು ತೆರೆದಿದೆ!" ಅಂತ ಭಟ್ಟ ಕೂಗಿದ. "ಒಂಬತ್ತರಲ್ಲಿ ಮೂರು ಹೋದರೆ..."

"ಬೇಗ ಹೇಳ್ರೋ, ಬೆನ್ನು ಬಿದ್ದು ಹೋಗ್ತಿದೆ!" ಅಂತ ಹಿಂದಿನಿಂದ ಗುಂಡ.

ಇನ್ನು ಫೀಲರ್ ಗೇಜ್, ಅಂದರೆ ಗ್ಯಾಪ್ ಅಳೆಯೋ ತೆಳ್ಳನೆ ಉಕ್ಕಿನ ಎಲೆಗಳ ಕಟ್ಟು. ಸೀನ 0.30ರ ಎಲೆ ತೂರಿಸಿ, "ಆರಾಮಾಗಿ ಹೋಗ್ತಿದೆ" ಅಂದ. ಆರಾಮಾಗಿ ಹೋಗಬಾರದು, ಎಳೆದಾಗ ಚೂರು ಹಿಡಿದ ಹಾಗೆ ಆಗಬೇಕು ಅಂದರು ಮೇಷ್ಟ್ರು. ಸ್ಕ್ರೂ ತಿರುಗಿಸಿ ಸರಿ ಮಾಡಿದ. ಲಾಕ್ ನಟ್ ಬಿಗಿ ಮಾಡಿದ. ಮತ್ತೆ ಎಲೆ ತೂರಿಸಿದರೆ ಒಳಗೇ ಹೋಗಲ್ಲ! ನಟ್ ಬಿಗಿಯುವಾಗ ಅದರ ಜೊತೆ ಸ್ಕ್ರೂ ಕೂಡ ಒಂದಿಷ್ಟು ತಿರುಗಿಬಿಟ್ಟಿತ್ತು. ಸ್ಕ್ರೂಡ್ರೈವರನ್ನು ಅಲುಗಾಡದಂತೆ ಹಿಡಿದುಕೊಂಡೇ ಸ್ಪ್ಯಾನರ್ ಎಳೆಯಬೇಕು, ಜೊತೆಗೆ ಗೇಜನ್ನೂ ಹಿಡಿದಿರಬೇಕು. ಈ ಕೆಲಸಕ್ಕೆ ದೇವರು ಮನುಷ್ಯನಿಗೆ ಒಂದು ಕೈ ಕಡಿಮೆ ಕೊಟ್ಟಿದ್ದಾನೆ.

ಏಳನೆಯದು ವಿಚಿತ್ರ ಆಡಿತು. ಗೇಜಿನಲ್ಲಿ ಸರಿಯಾಗಿದೆ, ಆದರೆ ರಾಕರನ್ನು ಬೆರಳಲ್ಲಿ ಅಲ್ಲಾಡಿಸಿದರೆ ಉಳಿದವಕ್ಕಿಂತ ಜಾಸ್ತಿ ಲೊಟಲೊಟ. ಮೇಷ್ಟ್ರು ಟಾರ್ಚ್ ಹಿಡಿದು ತೋರಿಸಿದರು. ವಾಲ್ವಿನ ತಲೆ ಬಡಿದು ಬಡಿದು ರಾಕರಿನ ಅಡಿಯಲ್ಲಿ ಅದರದೇ ಅಗಲದ ಪುಟ್ಟ ಗುಂಡಿ ಬಿದ್ದಿದೆ. ಚಪ್ಪಟೆ ಎಲೆ ಆ ಗುಂಡಿಯೊಳಗೆ ಇಳಿಯಲ್ಲ, ಅಂಚಿನಿಂದ ಅಂಚಿಗೆ ಕೂತುಬಿಡುತ್ತೆ. ಗೇಜ್ 0.30 ಅಂದರೂ ಒಳಗಿನ ಗ್ಯಾಪ್ ಅದಕ್ಕಿಂತ ಹೆಚ್ಚು. ಟಕಟಕದ ಅಸಲಿ ಕಳ್ಳ ಇವನೇ.

"ಹಾಗಾದ್ರೆ ಇದನ್ನ ಕಿವಿ ಅಂದಾಜಲ್ಲಿ ಚೂರು ಬಿಗಿ ಮಾಡೋಣ" ಅಂದ ಗುಂಡ.

"ಬೇಡ. ಕಿವಿ ಸುಮ್ಮನಾಗೋ ತನಕ ಬಿಗಿ ಮಾಡ್ತಾ ಹೋಗ್ತೀಯ. ರಾಕರ್ ಬದಲಾಯಿಸಬೇಕು. ಅಲ್ಲಿ ತನಕ ಬಡೀಲಿ ಬಿಡು."

ಕವರ್ ಹಾಕಿ ಸ್ಟಾರ್ಟ್ ಮಾಡಿದೆವು. ಏಳು ರಾಕರುಗಳು ಸಭ್ಯವಾಗಿ ಗುನುಗಿದವು, ಏಳನೆಯದು ಮಾತ್ರ ಒಂಟಿಯಾಗಿ ಟಿಕ್ ಟಿಕ್ ಅಂತಿತ್ತು. ಸೀನನಿಗೆ ಆ ಸದ್ದು ಈಗ ಸಂಗೀತ. ಅವನ ಚಿಂತೆ ಈಗ ಬೇರೆಯದು. ಕವರಿನ ಅಂಚಿನಲ್ಲಿ ಒಂದು ಹನಿ ಎಣ್ಣೆ ಇಣುಕುತ್ತಿತ್ತು. ಗುಂಡ ಯಾರಿಗೂ ಹೇಳದೆ ಎರಡೂ ನಟ್ಟುಗಳನ್ನು ಇನ್ನೊಂದು ಸುತ್ತು ಎಳೆದಿದ್ದ, ಕಾರ್ಕ್ ಗ್ಯಾಸ್ಕೆಟ್ ಒಂದು ಕಡೆ ಹಿಂಡಿಕೊಂಡು ಹೊರಗೆ ಬಂದಿತ್ತು.

"ನಾನು ಮೊದಲೇ ಹೇಳಿದ್ದೆ" ಅಂದ ಗುಂಡ. "ದಪ್ಪ ಆಯಿಲ್ ಆಗಿದ್ದರೆ ಸೋರ್ತಿರಲಿಲ್ಲ."